ಕೋಳಿ ಕಾಲಿನ ಲೆಕ್ಕ

ಮಾನ್ಯರೇ,

ಹೊರದೇಶದ ದನದ ಮಾಂಸದಿಂದ ತನ್ನ ಸಾಕಣೆದಾರರಿಗೆ ಪೆಟ್ಟು ಬಿದ್ದಿದೆಯೇ ಎಂದು ಚೀನಾ 2024ರ ಡಿಸೆಂಬರ್‌ನಲ್ಲಿ ತನಿಖೆ ಆರಂಭಿಸಿತು. ವರ್ಷ ಕಳೆದ ಮೇಲೆ, ಮಿತಿ ಮೀರಿದ ಆಮದಿಗೆ ಶೇ 55ರಷ್ಟು ಹೆಚ್ಚುವರಿ ಸುಂಕ ಘೋಷಿಸಿತು. ಅಮೆರಿಕದ ಕೋಳಿ ಕಾಲಿನಿಂದ ನಮ್ಮ ಸಾಕಣೆದಾರರಿಗೂ ಅಂಥ ಪೆಟ್ಟು ಬಿದ್ದರೆ?

ಡೊಂಬಿವಲಿಯಲ್ಲಿ ಸಣ್ಣ ಊಟದ ಹೋಟೆಲ್ ನಡೆಸುವ ನನಗೆ ಅಮೆರಿಕದ ಕೋಳಿ ಕಾಲು ಅಗ್ಗಕ್ಕೆ ಸಿಕ್ಕರೆ ಲಾಭವೇ. ಅಲ್ಲಿನವರಿಗೆ ಎದೆಯ ಮಾಂಸ ಇಷ್ಟ, ಕಾಲು ಉಳಿಯುತ್ತದೆ. ಇಲ್ಲಿ ಕಾಲಿಗೇ ಜಗಳ. (ಹಿಮಗಟ್ಟಿದ ಕಾಲಿನಿಂದ ಕೋರಿ ರೊಟ್ಟಿಯ ಗಸಿ ಮಾಡಬಹುದು, ರುಚಿಯ ಮಾತು ಬೇರೆ.) ಹಲವು ವರ್ಷಗಳಿಂದ ಶೇ 100ರ ಸುಂಕವೇ ಅದಕ್ಕೆ ಅಡ್ಡಗೋಡೆ. ಹಕ್ಕಿಜ್ವರದ ಕಾರಣ ಕೊಟ್ಟು ಭಾರತ ಹಾಕಿದ್ದ ನಿರ್ಬಂಧವಂತೂ 2015ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಿಲ್ಲಲಿಲ್ಲ.

ಗೋಡೆ ತಗ್ಗಿದರೆ ಉಳಿಯುವ ದಾರಿಗಳಲ್ಲಿ ಒಂದು ಆಂಟಿ ಡಂಪಿಂಗ್ ತನಿಖೆ, ಅಂದರೆ ತಮ್ಮ ದೇಶದ ಬೆಲೆಗಿಂತ ಅಗ್ಗಕ್ಕೆ ಇಲ್ಲಿ ತಂದು ಸುರಿಯುವ ಸರಕಿನ ಮೇಲಿನ ತನಿಖೆ. ದೂರು ಕೊಡುವವರಿಗೆ ಆ ಸರಕಿನ ದೇಶೀಯ ಒಟ್ಟು ಉತ್ಪಾದನೆಯ ಕನಿಷ್ಠ ಶೇ 25ರಷ್ಟು ಪಾಲಿನ ಬೆಂಬಲವಿರಬೇಕು. ಬೆಲೆ, ಮಾರಾಟ, ನಷ್ಟದ ಲೆಕ್ಕ ಒಪ್ಪಿಸಬೇಕು. ಕಂಪನಿಯ ಮರಿ, ಕಂಪನಿಯ ಮೇವು ಪಡೆದು ಸಾಕಣೆ ಕೂಲಿಗೆ ದುಡಿಯುವ ರೈತ ಯಾವ ಲೆಕ್ಕ ತೋರಿಸುತ್ತಾನೆ? ಅವನ ಕೂಲಿಯ ಇಳಿಕೆಯನ್ನೂ ‘ಹಾನಿ’ ಎಂದು ಎಣಿಸುವ ನಮೂನೆಯನ್ನು, ಇಂಥ ತನಿಖೆ ನಡೆಸುವ ಕೇಂದ್ರದ ವಾಣಿಜ್ಯ ಪರಿಹಾರ ಮಹಾನಿರ್ದೇಶನಾಲಯ ಈಗಲೇ ರೂಪಿಸಲಿ.

– ಒಬ್ಬ ಹೋಟೆಲ್ ಮಾಲೀಕ, ಡೊಂಬಿವಲಿ, ಮುಂಬೈ ಸಮೀಪ