ಗೇರ್ ಬಾಕ್ಸ್ ಬಿಚ್ಚೋ ಮೊದಲು ಗಾಡಿ ಓಡಿಸಿ ನೋಡಿ

ಮಾನ್ಯ ಸಂಪಾದಕರೇ,

ನಮ್ಮನೇಲಿ 1994ರ ಅಂಬಾಸಿಡರ್ ನೋವಾ ಡೀಸೆಲ್ ಇದೆ, ಅಪ್ಪ ತಗೊಂಡಿದ್ದು, ಸ್ಟೀರಿಂಗ್ ಹತ್ರಾನೇ ಕೈ ಗೇರ್ ಇರೋದು. ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅಂತ ಒಂದು ಸೌಂಡ್ ಶುರುವಾಯ್ತು, ಮೊದಮೊದಲು ನಲವತ್ತು ದಾಟಿದ್ರೆ ಮಾತ್ರ, ಆಮೇಲೆ ಇಪ್ಪತ್ತೈದಕ್ಕೇ. ಹತ್ರದ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ನಿಂತಲ್ಲೇ ಸ್ಟಾರ್ಟ್ ಮಾಡಿ ಎರಡು ಸಲ ಕ್ಲಚ್ ಒತ್ತಿ ಬಿಟ್ಟು "ಗೇರ್ ಬಾಕ್ಸ್ ಹೋಗಿದೆ ಸಾರ್, ಇಳಿಸ್ಲೇಬೇಕು" ಅಂದ್ರು. ಎಂಟು ದಿನ ಗಾಡಿ ಅಲ್ಲೇ ನಿಂತಿತ್ತು, 16,500 ರೂಪಾಯಿ ಬಿಲ್ ಆಯ್ತು, ಬಿಡಿಸ್ಕೊಂಡು ಹೊರಟು ಪೇಟೆ ದಾಟಿ ಸ್ಪೀಡ್ ಹಿಡಿದ ಕೂಡ್ಲೇ ಅದೇ ಗುಂಯ್. ಹಾಳಾಗಿದ್ದು ಗೇರ್ ಬಾಕ್ಸ್ ಅಲ್ಲವೇ ಅಲ್ಲ, ಹಿಂದಿನ ಡಿಫರೆನ್ಶಿಯಲ್, ಅಂದ್ರೆ ಇಂಜಿನ್ ಶಕ್ತಿನ ಹಿಂದಿನ ಎರಡೂ ಚಕ್ರಕ್ಕೆ ಹಂಚೋ ಗೇರ್ ಗಡ್ಡೆ. ಇದು ನನಗೊಬ್ಬನಿಗೇ ಆಗಿರೋದಲ್ಲ ಅಂತ ಆಮೇಲೆ ಜೀಪ್, ಫಿಯಟ್ ಇಟ್ಕೊಂಡೋರನ್ನ ಮಾತಾಡ್ಸಿದಾಗ ಗೊತ್ತಾಯ್ತು, ಅದಕ್ಕೇ ಈ ಪತ್ರ ಬರೀತಾ ಇದ್ದೀನಿ.

ಕೊನೆಗೆ ಸರಿ ಕಾರಣ ಹಿಡಿದಿದ್ದು ಒಬ್ಬರು ಹಳೇ ಮೆಕ್ಯಾನಿಕ್, ವಯಸ್ಸು ಎಪ್ಪತ್ತರ ಹತ್ರ ಹತ್ರ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. "ಮೊದ್ಲು ಓಡಿಸಿ ಮಾರಾಯ್ರೆ, ನಾನು ಹಿಂದೆ ಕೂರ್ತೇನೆ" ಅಂತ ಹಿಂದಿನ ಸೀಟಲ್ಲಿ ಕೂತು, ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟಾಗ ಒಂದೇ ಸ್ಪೀಡಲ್ಲಿ ಗೇರ್ ಬದಲಾಯಿಸೋಕೆ ಹೇಳಿದ್ರು. ಮೂವತ್ತರಲ್ಲಿ ಎರಡನೇ ಗೇರ್, ಅದೇ ಮೂವತ್ತರಲ್ಲಿ ಮೂರನೇದು, ಆಮೇಲೆ ನಾಲ್ಕು. ಇಂಜಿನ್ ಸೌಂಡ್ ಏರಿ ಇಳಿದು ಆಯ್ತು, ಆದ್ರೆ ಗುಂಯ್ ಅನ್ನೋದು ಒಂದೇ ರಾಗ. ಗೇರ್ ಬಾಕ್ಸಿನ ಕೆಳಗಿನ ಲೇ ಶಾಫ್ಟಿನ (ಗೇರುಗಳಿಗೆ ಶಕ್ತಿ ದಾಟಿಸೋ ಕಂಬಿ) ಬೇರಿಂಗ್ ಹೋಗಿದ್ರೆ ಒಂದು ಎರಡು ಮೂರರಲ್ಲಿ ಕೂಗ್ತದೆ, ನಾಲ್ಕಕ್ಕೆ ಹಾಕಿದ್ರೆ ತಗ್ಗಿಬಿಡ್ತದೆ, ಯಾಕಂದ್ರೆ ಈ ಗಾಡಿಯ ನಾಲ್ಕನೇ ಗೇರಲ್ಲಿ ಶಕ್ತಿ ನೇರ ದಾಟಿ ಹೋಗ್ತದೆ, ಲೇ ಶಾಫ್ಟ್ ಸುಮ್ನೆ ಸುತ್ತುತ್ತೆ ಅಷ್ಟೇ, ಲೋಡ್ ಇರಲ್ಲ. ಆಮೇಲೆ ಸಮತಟ್ಟಾದ ಖಾಲಿ ರಸ್ತೇಲಿ ನ್ಯೂಟ್ರಲ್ ಮಾಡಿ ಗಾಡಿನ ಹಾಗೇ ಉರುಳೋಕೆ ಬಿಟ್ವಿ (ಇಂಜಿನ್ ಆಫ್ ಮಾಡಿ ಅಲ್ಲ, ಅದು ಅಪಾಯ, ಘಾಟಿ ಇಳಿಜಾರಲ್ಲಿ ನ್ಯೂಟ್ರಲ್ ಕೂಡ ಯಾರೂ ಮಾಡ್ಬೇಡಿ). ಆಗಲೂ ಸೌಂಡ್ ಸಣ್ಣಗೆ ಇದ್ದೇ ಇತ್ತು. ಅಂದ್ರೆ ತೊಂದರೆ ಗೇರ್ ಬಾಕ್ಸಿಂದ ಹಿಂದೆ ಅಂತಾಯ್ತು.

ಹಿಂದೆ ಅಂದ ಮಾತ್ರಕ್ಕೆ ಡಿಫರೆನ್ಶಿಯಲ್ಲೇ ಅಂತಲ್ಲ. ಟೈರ್ ಸೌಂಡ್ ಆಗಿದ್ರೆ ಟಾರ್ ರಸ್ತೆಗೂ ಕಾಂಕ್ರೀಟ್ ರಸ್ತೆಗೂ ಬೇರೆ ಬೇರೆ ಕೇಳ್ಸುತ್ತೆ, ಹಬ್ ಬೇರಿಂಗ್ ಆಗಿದ್ರೆ ತಿರುವಲ್ಲಿ ಒಂದು ಕಡೆ ಜಾಸ್ತಿ ಆಗುತ್ತೆ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಟಕ್ ಅಂತ ಒಂದೇ ಪೆಟ್ಟು ಬಂದ್ರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸಿಂದ ಹಿಂದಕ್ಕೆ ಶಕ್ತಿ ಒಯ್ಯೋ ಉದ್ದ ಕಂಬಿ) ಯುಜೆ ಕ್ರಾಸ್, ಅಂದ್ರೆ ಅದರ ತುದಿಯ ಕೀಲು, ನೋಡ್ಬೇಕು. ನಮ್ಮ ಗಾಡೀಲಿ ಆಕ್ಸಿಲೇಟರ್ ಒತ್ತಿದಾಗ ಸೌಂಡ್ ಕಮ್ಮಿ, ಬಿಟ್ಟಾಗ ಜಾಸ್ತಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಎರಡನೇ ಗೇರಲ್ಲಿ ಇಳಿಯೋವಾಗ ಹಿಂದಿನಿಂದ ಯಾರೋ ಅಳ್ತಾ ಇದ್ದ ಹಾಗೆ. "ಪಿನಿಯನ್ ಬೇರಿಂಗ್ ಲೂಸ್ ಆಗಿದೆ" ಅಂತ ಅವರು ಘಾಟಿ ಕೆಳಗಿನ ಸೋಮೇಶ್ವರ ಮುಟ್ಟೋ ಮೊದಲೇ ಹೇಳಿದ್ರು. ಪಿನಿಯನ್ ಅಂದ್ರೆ ಡಿಫರೆನ್ಶಿಯಲ್ ಒಳಗೆ ಕ್ರೌನ್ ವೀಲ್ ಅನ್ನೋ ದೊಡ್ಡ ಗೇರನ್ನ ತಿರುಗಿಸೋ ಸಣ್ಣ ಗೇರ್.

ಮರುದಿನ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಪಿನಿಯನ್ ಫ್ಲಾಂಜನ್ನ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಕಟಕಟ ಅಂತ ಆಟ, ಅಂದ್ರೆ ಸಡಿಲ. ಅಲ್ಲಿ ಆಟ ಇರಲೇಬಾರ್ದು. ಡ್ರೈನ್ ಬೋಲ್ಟ್ ತೆಗೆದ್ರೆ ಬಂದ ಆಯಿಲ್ ಒಂದು ಟೀ ಲೋಟದಷ್ಟು ಇರಬಹುದು, ಬೆಳ್ಳಿ ಪೇಂಟ್ ಕಲಸಿದ ಹಾಗೆ ಮಿಂಚ್ತಿತ್ತು, ಬೆರಳಲ್ಲಿ ಉಜ್ಜಿದ್ರೆ ಅಕ್ಕಿ ನುಚ್ಚಿನಷ್ಟು ಕಬ್ಬಿಣದ ಚೂರು ಸಿಕ್ತು. ಆಯಿಲ್ ಎಲ್ಲಿ ಹೋಯ್ತು? ಆಕ್ಸೆಲ್ ಮೇಲೆ ಬೆರಳ ತುದಿಯಷ್ಟು ಒಂದು ಬ್ರೀದರ್ ಇರುತ್ತೆ, ಒಳಗೆ ಬಿಸಿಯಾದ ಗಾಳಿ ಹೊರಗೆ ಹೋಗೋ ತೂತು. ತೋಟದ ರಸ್ತೆಯ ಕೆಂಪು ಮಣ್ಣು ಅದಕ್ಕೆ ಬಡಿದು ಬಡಿದು ಇಟ್ಟಿಗೆ ಥರ ಗಟ್ಟಿಯಾಗಿ ಮುಚ್ಚಿತ್ತು. ಗಾಳಿಗೆ ದಾರಿ ಇಲ್ದೆ ಒತ್ತಡ ಎಲ್ಲಾ ಆಯಿಲ್ ಸೀಲಿನ ಮೇಲೆ ಬಿತ್ತು, ಸೀಲ್ ಸೋರಿ ಆಯಿಲ್ ಬ್ರೇಕ್ ಲೈನರ್ ತನಕ ಹೋಗಿತ್ತು, ಇತ್ತ ಬೇರಿಂಗ್ ಒಣಗಿ ಸವೀತು. ಒಂದು ತಂತಿ ಚೂರು ಹಾಕಿ ಅರ್ಧ ನಿಮಿಷದಲ್ಲಿ ಕ್ಲೀನ್ ಮಾಡೋ ತೂತು ಅದು. ಇಷ್ಟು ವರ್ಷ ಸರ್ವೀಸ್ ಮಾಡ್ಸಿದೀನಿ, ಅಲ್ಲೊಂದು ಬ್ರೀದರ್ ಇದೆ ಅಂತ ಒಬ್ಬರೂ ಹೇಳಿರ್ಲಿಲ್ಲ.

ಬೇರಿಂಗ್ ಲೂಸ್ ಆಗಿ ಓಡಿದ್ರಿಂದ ಕ್ರೌನ್ ವೀಲಿನ ಹಲ್ಲೂ ತಿಂದಿತ್ತು. ಕ್ರೌನ್ ಪಿನಿಯನ್ ಯಾವತ್ತೂ ಜೋಡಿ, ಫ್ಯಾಕ್ಟರೀಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರ್ತಾರೆ, ಅದರ ಮೇಲೆ ಜೋಡಿ ನಂಬರ್ ಕೊರೆದಿರ್ತಾರೆ, ಒಂದನ್ನ ಮಾತ್ರ ಬದಲಾಯಿಸಿದ್ರೆ ಸೌಂಡ್ ಹೋಗಲ್ಲ. ಅಂಬಾಸಿಡರ್ ತಯಾರಾಗ್ತಿದ್ದ ಉತ್ತರಪಾರಾ ಫ್ಯಾಕ್ಟರಿ 2014ರಲ್ಲೇ ನಿಂತಿದೆ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಒಂದಿಡೀ ದಿನ ಸುತ್ತಿದ್ರೂ ನಮಗೆ ಹೊಂದೋ ಹೊಸ ಸೆಟ್ ಸಿಗಲಿಲ್ಲ, ಶಿವಾಜಿನಗರದ ಗುಜರಿ ಅಂಗಡೀಲಿ ಪೂರ್ತಿ ಡಿಫರೆನ್ಶಿಯಲ್ ಗಡ್ಡೆ ಸಿಕ್ತು. ಹಾಗೆ ತಗೊಳ್ಳೋರು ಚಾಕ್‌ಪೀಸಲ್ಲಿ ಗುರುತು ಹಾಕಿ ಹಲ್ಲು ಎಣಿಸ್ಲೇಬೇಕು. ಕ್ರೌನಲ್ಲಿ 41, ಪಿನಿಯನಲ್ಲಿ 9 ಇದ್ರೆ 41ನ್ನ 9ರಿಂದ ಭಾಗಿಸಿ ಸುಮಾರು 4.56 ರೇಶಿಯೋ, ನಿಮ್ಮ ಹಳೇದ್ರದ್ದೂ ಅಷ್ಟೇ ಇರ್ಬೇಕು. ಬೇರೆ ಇದ್ರೆ ಗಾಡಿಯ ಎಳೆಯೋ ಶಕ್ತಿ ಬದಲಾಗುತ್ತೆ, ಸ್ಪೀಡೋಮೀಟರೂ ಸುಳ್ಳು ತೋರಿಸುತ್ತೆ.

ಹೊಸ ಬೇರಿಂಗ್, ಹೊಸ ಸೀಲ್ ಹಾಕಿ, ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳೋ ತನಕ ಶಿಮ್ (ತೆಳು ಲೋಹದ ಬಿಲ್ಲೆ) ಬದಲಾಯಿಸ್ತಾ ಆ ಹಿರಿಯರು ಒಂದು ಮಧ್ಯಾಹ್ನ ಪೂರ್ತಿ ಕೂತಿದ್ರು. ಎರಡು ಗೇರಿನ ನಡುವಿನ ಆಟ ಎರಡು ಕೂದಲಿನ ದಪ್ಪ ಅಷ್ಟೇ ಇರ್ಬೇಕಂತೆ, ಡಯಲ್ ಗೇಜಲ್ಲಿ ನೋಡಿ ತೋರ್ಸಿದ್ರು. ಆಯಿಲ್ ಜಿಎಲ್-5 ಅನ್ನೋ ದರ್ಜೆಯದ್ದು ಹಾಕಿದ್ರು, ಇಲ್ಲಿ ಹಲ್ಲು ಹಲ್ಲಿನ ಮೇಲೆ ಜಾರ್ತಾ ತಿರುಗೋದ್ರಿಂದ ಅದೇ ಬೇಕು. ಉಳಿದಿದ್ದನ್ನ ಗೇರ್ ಬಾಕ್ಸಿಗೆ ಸುರೀಬೇಡಿ, ಹಳೇ ಗಾಡಿಗಳ ಗೇರ್ ಬಾಕ್ಸಲ್ಲಿರೋ ಹಿತ್ತಾಳೆ ರಿಂಗಿಗೆ ಅದು ಆಗಿಬರಲ್ಲ.

ಈಗ ಗಾಡಿ ಸುಮ್ನೆ ಓಡ್ತಿದೆ. ಆದ್ರೆ ಆ 16,500 ರೂಪಾಯಿ ಯಾರದ್ದೋ ಒಂದು ತಿಂಗಳ ಸಂಬಳ. ಗ್ಯಾರೇಜಿನೋರಲ್ಲಿ ನನ್ನ ಕೋರಿಕೆ ಇಷ್ಟೇ: ದೊಡ್ಡ ಕೆಲಸಕ್ಕೆ ಕೈ ಹಾಕೋ ಮೊದಲು ಓನರನ್ನ ಕೂರಿಸ್ಕೊಂಡು ಐದು ಕಿಲೋಮೀಟರ್ ಓಡಿಸಿ, ಏನು ನೋಡಿ ಈ ತೀರ್ಮಾನಕ್ಕೆ ಬಂದ್ರಿ ಅಂತ ಬಿಲ್ಲಲ್ಲೇ ಒಂದು ಸಾಲು ಬರೀರಿ, ತೆಗೆದ ಪಾರ್ಟ್ಸ್ ವಾಪಸ್ ಕೊಡಿ. ಓನರುಗಳೂ ಕೇಳಿ ಇಸ್ಕೊಳ್ಳಿ.

ಸಂಪಾದಕರೇ, ಹೊಸ ಕಾರುಗಳ ವಿಷಯ ನಿಮ್ಮ ಪತ್ರಿಕೇಲಿ ಚೆನ್ನಾಗೇ ಬರುತ್ತೆ. ಇಂಥ ಹಿರಿಯ ಮೆಕ್ಯಾನಿಕ್‌ಗಳನ್ನ ಮಾತಾಡ್ಸಿ ಹಳೇ ಗಾಡಿಗಳ ಬಗ್ಗೆಯೂ ವಾರಕ್ಕೆ ಅರ್ಧ ಕಾಲಂ ಕೊಡಿ, ಅವರ ಕಿವಿಗೆ ಗೊತ್ತಿರೋದು ಎಲ್ಲೂ ಬರೆದಿಟ್ಟಿಲ್ಲ. ಮೊದಲನೇ ವಾರ ಆ ಬ್ರೀದರ್ ಬಗ್ಗೆ ಹಾಕಿ, ಮಳೆ ಹಿಡಿಯೋಕೆ ಮುಂಚೆ.

ಇಂತಿ,
ಒಬ್ಬ ಓದುಗ, ತೀರ್ಥಹಳ್ಳಿ