ಮನೆ ನೋಡುವಾಗ ಗಾಳಿಯನ್ನೂ ವಿಚಾರಿಸಬೇಕು

ಮಾನ್ಯ ಸಂಪಾದಕರೇ,

ಶಾಲೆಗಳು ಆರಂಭವಾಗುವ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ, ಬೆಂಗಳೂರಿಗೆ ವರ್ಗವಾಗಿ ಬರುವವರು ಬಾಡಿಗೆ ಮನೆ ಹುಡುಕುತ್ತಾರೆ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಮುಂಗಡ ಎಷ್ಟು, ಮೆಟ್ರೊ ಎಷ್ಟು ದೂರ ಎಂದೆಲ್ಲ ಕೇಳುವ ನಾವು ಆ ಬೀದಿಯ ಗಾಳಿ ಹೇಗಿದೆ ಎಂದು ಮಾತ್ರ ವಿಚಾರಿಸುವುದಿಲ್ಲ. ಮನೆಯಲ್ಲಿ ಅಲರ್ಜಿ, ಉಬ್ಬಸ ಇರುವವರಿದ್ದರೆ ಈ ಮರೆವಿಗೆ ದಂಡ ತೆರಬೇಕಾಗುತ್ತದೆ.

ಎರಡು ವರ್ಷಗಳ ಹಿಂದೆ ಶಿವಮೊಗ್ಗದಿಂದ ಬಂದ ನಾವು, ಉಬ್ಬಸವಿರುವ ಮಗಳಿಗೆಂದೇ ಮುಖ್ಯರಸ್ತೆಯಿಂದ ಒಳಗಿರುವ, ಪಕ್ಕದಲ್ಲಿ ಖಾಲಿ ನಿವೇಶನವಿದ್ದು ಗಾಳಿ ಬೆಳಕು ಧಾರಾಳವಾಗಿದ್ದ ಮನೆಯನ್ನು ಹಿಡಿದೆವು. ಮೇ ತಿಂಗಳಲ್ಲಿ ಬರೀ ಮಣ್ಣಾಗಿದ್ದ ಆ ನಿವೇಶನದಲ್ಲಿ, ಮಳೆ ಹಿಡಿದ ಮೇಲೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸೊಂಟದೆತ್ತರ ಬೆಳೆದು ಬೆಳ್ಳಗೆ ಹೂ ಬಿಟ್ಟಿತು. ದೀಪಾವಳಿ ಕಳೆಯುತ್ತಲೇ ಅಲ್ಲಿ ಪಾಯ ತೋಡತೊಡಗಿದ್ದರಿಂದ ಪರಾಗದ ಕಾಟ ತಪ್ಪಿ ದೂಳಿನ ಕಾಟ ಶುರುವಾಯಿತು. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಮನೆ ಬದಲಿಸಿದೆವು. ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಂಡರು. (ಹೊಸ ಮನೆಗೆ ಆಗಷ್ಟೇ ಬಳಿದಿದ್ದ ಬಣ್ಣದ ವಾಸನೆಗೂ ಮಗಳು ವಾರವಿಡೀ ಕೆಮ್ಮಿದ್ದು ಬೇರೆ ಮಾತು.)

ನಾನು ಏನೂ ನೋಡದೆ ಬಂದವನಲ್ಲ. ಮೊಬೈಲಿನಲ್ಲಿ ವಾಯು ಗುಣಮಟ್ಟ ಸೂಚ್ಯಂಕವನ್ನು ನೋಡಿ, ನೂರರ ಒಳಗಿದೆಯೆಂದು ನೆಮ್ಮದಿಯಿಂದಿದ್ದೆ. ಆದರೆ ಈ ಸೂಚ್ಯಂಕವು ಸೂಕ್ಷ್ಮ ಕಣ, ಸಾರಜನಕದ ಡೈಆಕ್ಸೈಡ್, ಓಝೋನ್ ಮೊದಲಾದ ಎಂಟು ಮಾಲಿನ್ಯಕಾರಕಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ ಹೊರತು ಪರಾಗವನ್ನಾಗಲಿ ಬೂಷ್ಟಿನ ಕಣಗಳನ್ನಾಗಲಿ ಹಿಡಿಯುವುದಿಲ್ಲ. 51ರಿಂದ 100ರವರೆಗಿನ 'ತೃಪ್ತಿಕರ' ಮಟ್ಟದಲ್ಲೂ ಸೂಕ್ಷ್ಮ ದೇಹಸ್ಥಿತಿಯವರಿಗೆ ಉಸಿರಾಟದ ಸಣ್ಣಪುಟ್ಟ ತೊಂದರೆ ಆಗಬಹುದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳುತ್ತದೆ. ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ 24 ಗಂಟೆಗಳ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15. ಆರೋಗ್ಯವಂತರಿಗೆ ಈ ಅಂತರ ಅರಿವಿಗೇ ಬಾರದಿರಬಹುದು, ಉಬ್ಬಸದವರಿಗೆ ರಾತ್ರಿಯ ನಿದ್ದೆಯೇ ಅದರ ಮೇಲೆ ನಿಂತಿದೆ.

ಮನೆ ನೋಡಲು ಹೋಗುವ ಹೊತ್ತೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ನಾವು ಹೋಗುವುದು ಭಾನುವಾರ ಮಧ್ಯಾಹ್ನ. ಆಗ ವಾಹನಗಳೂ ಕಡಿಮೆ, ಬಿಸಿಲಿಗೆ ಗಾಳಿ ಮೇಲೇರಿ ಹೊಗೆಯೂ ಚದುರಿರುತ್ತದೆ. ಅದೇ ಬೀದಿಯಲ್ಲಿ ಚಳಿಗಾಲದ ಬೆಳಿಗ್ಗೆ ತಂಪು ಗಾಳಿ ನೆಲಮಟ್ಟದಲ್ಲೇ ನಿಂತು ಹೊಗೆ, ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಂದು ಹಸಿರೂರಿಗೆ ಹೋದರೆ ಎಲ್ಲರಿಗೂ ವಾಸಿಯಾಗುತ್ತದೆ ಎಂದೇನೂ ಇಲ್ಲ. ನಿವೃತ್ತಿಯ ನಂತರ ಶುದ್ಧ ಗಾಳಿಗೆಂದು ಮಲೆನಾಡಿಗೆ ಮರಳಿದ ನಮ್ಮ ಬಂಧುವೊಬ್ಬರು, ಆಷಾಢದಲ್ಲಿ ಗೋಡೆಗೂ ಹಾಸಿಗೆಗೂ ಬೂಷ್ಟು ಹಿಡಿದಾಗ ಬೆಂಗಳೂರಿನಲ್ಲಿದ್ದುದಕ್ಕಿಂತ ಹೆಚ್ಚು ಉಬ್ಬಸಪಟ್ಟರು. ಯಾವುದು ಒಗ್ಗುವುದಿಲ್ಲವೆಂದು ವೈದ್ಯರಿಂದ ಪರೀಕ್ಷಿಸಿಕೊಂಡ ಮೇಲೆಯೇ ಊರನ್ನೂ ಬೀದಿಯನ್ನೂ ಆರಿಸುವುದು ಲೇಸು.

ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ ಮುಂತಾದ ಕಡೆಗಳಲ್ಲಿ ಗಾಳಿಯ ಮಾಪನ ಕೇಂದ್ರಗಳಿದ್ದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಅವುಗಳ ಅಂಕಿಗಳು ಬೇರೆ ಬೇರೆಯಾಗಿಯೇ ಸಿಗುತ್ತವೆ. ಇಡೀ ಬೆಂಗಳೂರಿಗೆ ಒಂದೇ ಅಂಕಿ ಕೊಡುವ ಬದಲು ಈ ಕೇಂದ್ರವಾರು ವಿವರವನ್ನು ಹವಾಮಾನದ ಅಂಕಣದ ಜೊತೆಗೆ ತಮ್ಮ ಪತ್ರಿಕೆ ಪ್ರಕಟಿಸಬೇಕೆಂದು ಕೋರುತ್ತೇನೆ. ಪರಾಗದ ಪ್ರಮಾಣವನ್ನೂ ಅಳೆದು ತಿಳಿಸುವ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು. ಖಾಲಿ ನಿವೇಶನಗಳ ಕಾಂಗ್ರೆಸ್ ಗಿಡವನ್ನು ಪಾಲಿಕೆಯವರು ಮಾಲೀಕರಿಂದ ಕೀಳಿಸುವುದಾದರೆ ಅದು ಹೂ ಬಿಡುವ ಮುನ್ನವೇ ಆಗಬೇಕು. ನಮ್ಮ ಪಕ್ಕದ ನಿವೇಶನಕ್ಕೆ ಆಳುಗಳು ಬಂದದ್ದು ಗಿಡವೆಲ್ಲ ಹೂವಾಗಿ, ಬೀಜ ಉದುರತೊಡಗಿದ ಮೇಲೆ.

– ಒಬ್ಬ ಓದುಗ, ಬೆಂಗಳೂರು