ಯಾವುದು ಅಧ್ಯಾಯ, ಯಾವುದು ಪ್ಯಾರಾ ಅಂತ ಫೈಲಿಗೂ ಗೊತ್ತಿರಲಿ

ಪ್ರೀತಿಯ ತಮ್ಮನಿಗೆ,

ಕಾದಂಬರಿಯ ಫೈಲು ತಲುಪಿತು. ಕಥೆಯ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ, ಅದನ್ನು ನಿಧಾನವಾಗಿ ಓದಬೇಕು. ‘ಪ್ರಕಾಶಕರಿಗೆ ಕಳಿಸುವ ಮೊದಲು ಫಾರ್ಮ್ಯಾಟ್ ಸರಿಯಾಗಿದೆಯಾ ನೋಡಕ್ಕಾ’ ಅಂತ ಕೇಳಿದ್ದೀಯಲ್ಲ, ಈ ಪತ್ರ ಅಷ್ಟಕ್ಕೆ ಮಾತ್ರ. ನೋಡುವುದಕ್ಕೆ ಚೆನ್ನಾಗಿದೆ. ಒಳಗೆ ಸರಿಯಿಲ್ಲ.

ಮೊದಲು ಒಂದು ಕೆಲಸ ಮಾಡು. ವರ್ಡ್‌ನ ಹೋಮ್ ಟ್ಯಾಬಿನಲ್ಲಿ ತಿರುಗಿಸಿಟ್ಟ ‘ಪಿ’ ಅಕ್ಷರದಂಥ ಒಂದು ಗುಂಡಿ ಇದೆ. ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದರೂ ಆಯಿತು. ವರ್ಡ್ ಬದಲು ಲಿಬ್ರೆಆಫೀಸ್ ಅನ್ನುವ ಸಾಫ್ಟ್‌ವೇರ್ ಬಳಸುವುದಾದರೆ ಕಂಟ್ರೋಲ್ ಜೊತೆ ಎಫ್10. ಈಗ ಪ್ರತಿ ಸ್ಪೇಸಿಗೂ ಒಂದು ಚುಕ್ಕಿ, ಪ್ರತಿ ಟ್ಯಾಬಿಗೂ ಒಂದು ಬಾಣ, ಪ್ರತಿ ಎಂಟರಿಗೂ ಒಂದು ತಿರುಗು ಪಿ ಕಾಣುತ್ತದೆ. ನಿನ್ನ ಎರಡನೇ ಅಧ್ಯಾಯದ ಹೆಸರಿನ ಮೇಲ್ಗಡೆ ನೋಡು. ಹದಿನೇಳು ಪಿಗಳು ಒಂದರ ಕೆಳಗೊಂದು ನಿಂತಿವೆ. ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಲಿ ಅಂತ ಎಂಟರ್ ಒತ್ತುತ್ತಲೇ ಹೋಗಿದ್ದೀಯ. ಸದ್ಯಕ್ಕೆ ಅದು ಪುಟದ ತಲೆಯಲ್ಲೇ ಇದೆ. ಮೊದಲನೇ ಅಧ್ಯಾಯಕ್ಕೆ ಮೂರು ಸಾಲು ಸೇರಿಸಿ ನೋಡು, ಎರಡನೆಯದರ ಹೆಸರು ಮೂರು ಸಾಲು ಕೆಳಕ್ಕೆ ಜಾರುತ್ತದೆ. ಫಾಂಟ್ ಬದಲಾಯಿಸಿದರೆ ಅಥವಾ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೋ ಹೇಳುವ ಹಾಗಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಒಂದು ಸಾಲು ಹೇಗೆ ಕಾಣಬೇಕು ಅನ್ನುವುದನ್ನು ಸಾಲು ಸಾಲಿಗೂ ಕೈಯಲ್ಲಿ ತಿದ್ದಬೇಡ. ಆ ಸಾಲು ಏನು ಅನ್ನುವುದನ್ನು ಫೈಲಿಗೆ ತಿಳಿಸು. ದಪ್ಪ ಅಕ್ಷರದಲ್ಲಿ ನಡುವೆ ಒಂದು ಸಾಲು ಕಂಡರೆ ಅದು ಅಧ್ಯಾಯದ ಹೆಸರು ಅಂತ ನಮ್ಮ ಕಣ್ಣಿಗೆ ಗೊತ್ತಾಗುತ್ತದೆ. ಫೈಲಿಗೆ ಅದು ದಪ್ಪಗಿರುವ ಇನ್ನೊಂದು ಪ್ಯಾರಾ, ಅಷ್ಟೇ. ನಿನ್ನ ಫೈಲು ನಿನ್ನ ಕೈಯಿಂದ ಸಂಪಾದಕರಿಗೆ, ಅಲ್ಲಿಂದ ಕರಡು ತಿದ್ದುವವರಿಗೆ, ಆಮೇಲೆ ಪುಟ ಕಟ್ಟುವವರಿಗೆ ಹೋಗುತ್ತದೆ. ಇ-ಪುಸ್ತಕವಾದರೆ ಮತ್ತೊಂದು ಸಾಫ್ಟ್‌ವೇರಿಗೂ ಹೋಗುತ್ತದೆ. ಅಷ್ಟು ಕಡೆಯೂ ನೀನು ಜೊತೆಗಿದ್ದು ‘ಇದು ಅಧ್ಯಾಯ, ಇದು ಪತ್ರದ ಭಾಗ, ಇದು ಪದ್ಯ’ ಅಂತ ಹೇಳಲಾಗದು, ಅಲ್ವಾ?

ತಿಳಿಸುವ ದಾರಿ ಸ್ಟೈಲ್‌ಗಳು, ಅಂದರೆ ಫಾಂಟು, ಅಳತೆ, ಜಾಗ ಎಲ್ಲವನ್ನೂ ಒಂದು ಹೆಸರಿನಡಿ ಕಟ್ಟಿಟ್ಟ ಗಂಟು. ಹೋಮ್ ಟ್ಯಾಬಿನಲ್ಲೇ ಇವೆ, ಆದರೂ ಬಹಳ ಜನ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು ‘ಹೆಡಿಂಗ್ 1’ ಒತ್ತು. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, 1 ಒತ್ತಿದರೂ ಅದೇ. ನೀಲಿ ಬಣ್ಣ ಬಂತು, ಅಳತೆ ಇಷ್ಟವಾಗಲಿಲ್ಲ ಅಂತ ಮುಖ ಸಿಂಡರಿಸಬೇಡ. ಆ ಸ್ಟೈಲಿನ ಹೆಸರಿನ ಮೇಲೆ ಬಲಕ್ಲಿಕ್ ಮಾಡಿ ‘ಮಾಡಿಫೈ’ಗೆ ಹೋಗಿ ನಿನಗೆ ಬೇಕಾದ ಹಾಗೆ ಒಂದು ಸಲ ಬದಲಾಯಿಸು. ಎಲ್ಲ ಅಧ್ಯಾಯಗಳ ಹೆಸರೂ ಒಟ್ಟಿಗೆ ಬದಲಾಗುತ್ತವೆ. ಅಲ್ಲೇ ಪ್ಯಾರಾಗ್ರಾಫ್ ಆಯ್ಕೆಗಳ ಒಳಗೆ ‘ಪೇಜ್ ಬ್ರೇಕ್ ಬಿಫೋರ್’ ಅಂತ ಒಂದು ಚೌಕವಿದೆ. ಅದಕ್ಕೆ ಟಿಕ್ ಹಾಕು. ಇನ್ನು ಮೇಲೆ ಹೆಡಿಂಗ್ 1 ಅಂದ ಕೂಡಲೇ ಹೊಸ ಪುಟ. ಆ ಹದಿನೇಳು ಎಂಟರ್‌ಗಳನ್ನು ಅಳಿಸಿಬಿಡು.

ಇದರಿಂದ ಸುಮ್ನೆ ಸಿಗುವ ಲಾಭಗಳೂ ಇವೆ. ವ್ಯೂ ಮೆನುವಿನಲ್ಲಿ ‘ನ್ಯಾವಿಗೇಶನ್ ಪೇನ್’ ತೆರೆದರೆ ಎಡಗಡೆ ನಿನ್ನ ಅಧ್ಯಾಯಗಳೆಲ್ಲ ಪಟ್ಟಿಯಾಗಿ ಕಾಣುತ್ತವೆ. ಏಳನೇ ಅಧ್ಯಾಯ ಐದನೆಯದಕ್ಕಿಂತ ಮೊದಲು ಬರಬೇಕು ಅನಿಸಿದರೆ ಅದರ ಹೆಸರನ್ನು ಹಿಡಿದು ಮೇಲಕ್ಕೆ ಎಳೆದರೆ ಸಾಕು, ಅಧ್ಯಾಯ ಪೂರ್ತಿ ಜಾಗ ಬದಲಾಯಿಸುತ್ತದೆ. ಪರಿವಿಡಿಯನ್ನು ಕೈಯಲ್ಲಿ ಟೈಪಿಸಿ, ಪುಟಸಂಖ್ಯೆಯವರೆಗೆ ಚುಕ್ಕಿ ಚುಕ್ಕಿ ಇಟ್ಟಿದ್ದೀಯಲ್ಲ, ಅದೂ ಬೇಡ. ‘ರೆಫರೆನ್ಸಸ್’ ಟ್ಯಾಬಿನಲ್ಲಿ ಪರಿವಿಡಿ ಕೇಳಿದರೆ ವರ್ಡ್ ಹೆಡಿಂಗ್‌ಗಳನ್ನು ಓದಿ ತಾನೇ ಮಾಡಿಕೊಡುತ್ತದೆ. ಪುಟಗಳು ಬದಲಾದಾಗ ಅದರ ಮೇಲೆ ಕರ್ಸರ್ ಇಟ್ಟು ಎಫ್9 ಒತ್ತಿದರೆ ಸಂಖ್ಯೆಗಳು ಸರಿಯಾಗುತ್ತವೆ.

ಇನ್ನು ಪ್ಯಾರಾಗಳು. ಪ್ರತಿ ಪ್ಯಾರಾದ ಮುಂದೆ ಐದು ಸ್ಪೇಸ್ ಹೊಡೆದಿದ್ದೀಯ. ಕೆಲವು ಕಡೆ ನಾಲ್ಕು, ಒಂದೆರಡು ಕಡೆ ಟ್ಯಾಬ್. ಇದನ್ನೂ ಸ್ಟೈಲಿಗೆ ಬಿಡು. ‘ಕಥನ’ ಅಂತಲೋ ‘ಮುಖ್ಯ ಪಠ್ಯ’ ಅಂತಲೋ ಒಂದು ಸ್ಟೈಲ್ ಮಾಡಿಕೋ, ಅದರ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ‘ಫಸ್ಟ್ ಲೈನ್’ ಇಂಡೆಂಟ್ ಕೊಡು. ಕಥೆ ಕಾದಂಬರಿಗೆ ಮೊದಲ ಸಾಲು ಒಳಕ್ಕೆ ಸರಿದಿದ್ದರೆ ಸಾಕು. ಅದರ ಜೊತೆಗೆ ಪ್ಯಾರಾಗಳ ನಡುವೆ ಖಾಲಿ ಸಾಲೂ ಬಿಡುವುದು ಜಾಸ್ತಿಯಾಯಿತು. ಎರಡರಲ್ಲಿ ಒಂದು ಇಟ್ಟುಕೋ.

ಇಲ್ಲೊಂದು ಎಚ್ಚರಿಕೆ. ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ಎರಡೆರಡು ಎಂಟರ್ ಇರುವ ಕಡೆಯೆಲ್ಲ ಒಂದೇ ಎಂಟರ್ ಮಾಡಿಬಿಡಬಹುದು ಅಂತ ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ನಿಜ, ಮಾಡಬಹುದು. ಆದರೆ ನಿನ್ನ ಅಧ್ಯಾಯಗಳ ಒಳಗೆ ದೃಶ್ಯ ಬದಲಾಗುವ ಕಡೆ ಒಂದು ಖಾಲಿ ಸಾಲು ಬಿಟ್ಟಿದ್ದೀಯ. ಉಳಿದ ಖಾಲಿ ಸಾಲುಗಳ ಜೊತೆಗೆ ಅವೂ ಹೋಗುತ್ತವೆ. ಆಮೇಲೆ ಅಜ್ಜಿ ಅಂಗಳದಲ್ಲಿ ಮಾತಾಡುತ್ತಿದ್ದ ಹಾಗೇ ಮೊಮ್ಮಗ ರೈಲಿನಲ್ಲಿ ಎಚ್ಚರಗೊಳ್ಳುತ್ತಾನೆ. ಆದ್ದರಿಂದ ಮೊದಲು ದೃಶ್ಯ ಬದಲಾಗುವ ಪ್ರತಿ ಕಡೆಯೂ ನಡುವೆ ಮೂರು ನಕ್ಷತ್ರ ಹಾಕು. ಅದಕ್ಕೂ ಒಂದು ಸ್ಟೈಲ್ ಇರಲಿ. ಆಮೇಲೆ ಖಾಲಿ ಸಾಲು ತೆಗೆ. ನಕ್ಷತ್ರಗಳು ಬೇರೆ ಕಾರಣಕ್ಕೂ ಬೇಕು. ಬರೀ ಖಾಲಿ ಸಾಲು ಪುಟದ ಕೊನೆಗೋ ಮೇಲಕ್ಕೋ ಬಂದುಬಿಟ್ಟರೆ ಅಲ್ಲೊಂದು ಬಿಡುವಿದೆ ಅಂತ ಓದುವವರಿಗೆ ತಿಳಿಯುವುದೇ ಇಲ್ಲ.

ರಿಪ್ಲೇಸ್ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ನಾಯಕನ ಹೆಸರು ರವಿ ಬೇಡ, ಮೋಹನ ಅಂತ ಇಡುತ್ತೇನೆ ಅಂದಿದ್ದೆ. ದಯವಿಟ್ಟು ‘ರಿಪ್ಲೇಸ್ ಆಲ್’ ಒತ್ತಬೇಡ. ‘ರವಿಯನ್ನು’ ಹೋಗಿ ‘ಮೋಹನಯನ್ನು’ ಆಗುತ್ತದೆ, ‘ರವಿಗೆ’ ಹೋಗಿ ‘ಮೋಹನಗೆ’ ಆಗುತ್ತದೆ. ‘ರವಿಕೆ’ಯ ಗತಿ ನೀನೇ ಊಹಿಸು. ನಮ್ಮ ಭಾಷೆಯಲ್ಲಿ ಹೆಸರಿನ ಬಾಲಕ್ಕೆ ವಿಭಕ್ತಿ ಅಂಟಿಕೊಂಡಿರುವುದರಿಂದ ಪೂರ್ತಿ ಪದವನ್ನು ಮಾತ್ರ ಹುಡುಕು ಅನ್ನುವ ಆಯ್ಕೆಯೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ರವಿಯನ್ನು, ರವಿಗೆ, ರವಿಯ, ರವಿಯಿಂದ ಅಂತ ಒಂದೊಂದು ರೂಪವನ್ನೂ ಬೇರೆ ಬೇರೆ ಹುಡುಕಿ, ಒಂದೊಂದನ್ನೂ ಕಣ್ಣಲ್ಲಿ ನೋಡಿ ಬದಲಾಯಿಸು. ಬೇಜಾರಿನ ಕೆಲಸವೇ. ಇಲ್ಲದಿದ್ದರೆ ರವಿಯನ್ನೇ ಉಳಿಸಿಕೋ, ಒಳ್ಳೆಯ ಹೆಸರು.

ಕನ್ನಡದ ಫೈಲಿಗೆ ಅಂತಲೇ ಇರುವ ಕೆಲವು ತಲೆನೋವುಗಳಿವೆ, ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. ನಿನ್ನ ಫೈಲಿನಲ್ಲಿ ಕನ್ನಡ 14 ಪಾಯಿಂಟ್ ಇದ್ದರೆ ನಡುವೆ ಬರುವ ಇಂಗ್ಲಿಷ್ ಪದಗಳು 11ರಲ್ಲಿ ಇವೆ. ಎಷ್ಟು ಸಲ ಸರಿಮಾಡಿದರೂ ಮತ್ತೆ ಹಾಗೇ ಆಗುತ್ತದೆ ಅಂದಿದ್ದೆಯಲ್ಲ, ಕಾರಣ ಇದು: ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಅಂತ ಬೇರೆ ಲೆಕ್ಕದಲ್ಲಿ ಇಡುತ್ತದೆ. ಅದಕ್ಕೆ ಬೇರೆ ಫಾಂಟು, ಬೇರೆ ಅಳತೆ. ಸ್ಟೈಲ್ ಮಾಡಿಫೈ ಮಾಡುವಾಗ ಫಾಂಟ್ ಕಿಟಕಿ ತೆರೆದು, ಲ್ಯಾಟಿನ್ ಅಕ್ಷರಗಳ ಭಾಗ ಮತ್ತು ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗಳ ಭಾಗ ಎರಡನ್ನೂ ತುಂಬು. ಲಿಬ್ರೆಆಫೀಸಿನಲ್ಲಿ ಇದನ್ನೇ ಸಿಟಿಎಲ್ ಅನ್ನುತ್ತಾರೆ.

ಸಾಲುಗಳ ನಡುವಿನ ಜಾಗಕ್ಕೆ ‘ಎಕ್ಸ್ಯಾಕ್ಟ್‌ಲಿ’ ಅಂತ ಇಟ್ಟು ಒಂದು ಸಂಖ್ಯೆ ಕೊಡುವ ಅಭ್ಯಾಸ ಕೆಲವರಿಗಿದೆ. ಕನ್ನಡಕ್ಕೆ ಅದು ಆಗಿಬರುವುದಿಲ್ಲ. ಸಂಖ್ಯೆ ಸ್ವಲ್ಪ ಕಡಿಮೆಯಾದರೂ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಕೆಳಗಿನ ಒತ್ತುಗಳು ಅರ್ಧಕ್ಕೇ ಕತ್ತರಿಸಿದ ಹಾಗೆ ಕಾಣುತ್ತವೆ. 1.5 ಅಂತ ಇಡು, ಒತ್ತಿಗೆ ಜಾಗವೂ ಸಿಗುತ್ತದೆ, ತಿದ್ದುವವರಿಗೆ ಬರೆಯಲು ಜಾಗವೂ ಉಳಿಯುತ್ತದೆ. ಒತ್ತಿ ಹೇಳುವುದಕ್ಕೆ ಅಕ್ಷರಗಳನ್ನು ಓರೆ ಮಾಡುವುದೂ ನನಗೆ ಸರಿಬರುವುದಿಲ್ಲ. ಬಹುತೇಕ ಕನ್ನಡ ಫಾಂಟುಗಳಿಗೆ ನಿಜವಾದ ಇಟಾಲಿಕ್ ರೂಪ ಇಲ್ಲ, ಇರುವ ಅಕ್ಷರವನ್ನೇ ಯಂತ್ರ ಬಾಗಿಸುತ್ತದೆ. ಉದ್ಧರಣ ಚಿಹ್ನೆ ಇದೆಯಲ್ಲ, ಅದು ಸಾಕು.

ಇನ್ನು ಸೊನ್ನೆ. ಇದನ್ನು ನಿನ್ನ ಫೈಲಿನಲ್ಲಿ ‘ಅಂಗಳ’ ಅಂತ ಹುಡುಕುವಾಗ ಗಮನಿಸಿದೆ. ಮೂರನೇ ಅಧ್ಯಾಯದಲ್ಲಿ ಕಣ್ಣೆದುರಿಗೇ ‘ಅ೦ಗಳ’ ಇದೆ, ಕಂಪ್ಯೂಟರ್ ಇಲ್ಲ ಅನ್ನುತ್ತದೆ! ಆ ಅಧ್ಯಾಯದಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಬಿದ್ದಿದೆ. ನೋಡುವುದಕ್ಕೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಅಕ್ಷರ. ಅಂಥ ಕಡೆ ಹುಡುಕಾಟ ಸೋಲುತ್ತದೆ, ಕಾಗುಣಿತ ಪರೀಕ್ಷೆ ಸೋಲುತ್ತದೆ, ಫಾಂಟ್ ಬದಲಾದರೆ ಸೊನ್ನೆಯ ಗಾತ್ರವೂ ಬದಲಾಗಬಹುದು. ಅಂಕಿಯ ಸೊನ್ನೆಯನ್ನು ಹುಡುಕಿ ಅನುಸ್ವಾರ ಹಾಕು. ಎಲ್ಲಾದರೂ ಇಸವಿಗಳನ್ನು ಕನ್ನಡ ಅಂಕಿಯಲ್ಲೇ ಬರೆದಿದ್ದರೆ ಅವನ್ನು ಮಾತ್ರ ಬಿಡು.

ಮೊಬೈಲಿನಲ್ಲಿ ಬರೆದು ನಿನಗೆ ನೀನೇ ವಾಟ್ಸಾಪ್ ಮಾಡಿಕೊಂಡ ತುಂಡುಗಳೂ ಇದರಲ್ಲಿವೆ ಅಂತ ಕಾಣುತ್ತದೆ. ತಪ್ಪೇನಿಲ್ಲ. ಅಂಟಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಆಯ್ಕೆಯಿಂದ ಅಂಟಿಸು, ಇಲ್ಲದಿದ್ದರೆ ಪಠ್ಯದ ಜೊತೆ ಅದರ ಹಳೆಯ ಫಾಂಟು, ಬಣ್ಣ ಎಲ್ಲ ಬರುತ್ತವೆ.

ಅಧ್ಯಾಯಕ್ಕೊಂದು ಫೈಲ್ ಇಡಬೇಕೋ ಒಂದೇ ಫೈಲೋ ಅಂತ ಕೇಳಿದ್ದೆ. ಬರೆಯುವಾಗ ನಿನ್ನ ಇಷ್ಟ. ಕಳಿಸುವಾಗ ಒಂದೇ ಫೈಲ್. ಚಿತ್ರಗಳಿಲ್ಲದ ಮುನ್ನೂರು ಪುಟವನ್ನು ವರ್ಡ್ ಆರಾಮಾಗಿ ಹೊರುತ್ತದೆ. ಹೆಸರಿನಲ್ಲಿ ‘ಫೈನಲ್’, ‘ನಿಜವಾದ ಫೈನಲ್’ ಅಂತೆಲ್ಲ ಬೇಡ, ಇಸವಿ-ತಿಂಗಳು-ದಿನ ಈ ಕ್ರಮದಲ್ಲಿ ತಾರೀಕು ಸೇರಿಸಿದರೆ ಫೈಲುಗಳು ತಾವೇ ಸರಿಯಾದ ಸಾಲಿನಲ್ಲಿ ನಿಲ್ಲುತ್ತವೆ. ತಿದ್ದಿದ್ದನ್ನೆಲ್ಲ ಗುರುತು ಹಾಕಿ ಇಡುವ ‘ಟ್ರ್ಯಾಕ್ ಚೇಂಜಸ್’ ಬಳಸಿದ್ದರೆ ಕಳಿಸುವ ಮೊದಲು ಬದಲಾವಣೆಗಳನ್ನೆಲ್ಲ ಒಪ್ಪಿ, ಕಾಮೆಂಟುಗಳನ್ನು ಅಳಿಸು. ಗೆಳೆಯನೊಬ್ಬ ‘ಈ ಪಾತ್ರ ಸಾಯಲಿ ಬಿಡೋ’ ಅಂತ ಬರೆದದ್ದು ಇನ್ನೂ ಅಲ್ಲೇ ಇದೆ.

ಪುಟದ ಅಲಂಕಾರಕ್ಕೆ ಬಹಳ ಶ್ರಮ ಹಾಕಿದ್ದೀಯ. ಅಧ್ಯಾಯದ ಮೊದಲ ಅಕ್ಷರ ದೊಡ್ಡದು, ಬಳ್ಳಿಯ ಅಂಚು, ಹೆಸರುಗಳಿಗೆ ನೆರಳು. ಹಸ್ತಪ್ರತಿಯನ್ನು ಹೀಗೆ ಸಿಂಗರಿಸುವುದು ಖಾಲಿ ಮಾಡಲಿರುವ ಬಾಡಿಗೆ ಮನೆಗೆ ಬಣ್ಣ ಹೊಡೆಸಿದ ಹಾಗೆ. ಪುಸ್ತಕದ ಅಳತೆ ಡೆಮಿಯೋ ಕ್ರೌನೋ, ಅಂಚು ಎಷ್ಟು, ಫಾಂಟ್ ಯಾವುದು ಅಂತ ತೀರ್ಮಾನಿಸುವವರು ಬೇರೆ ಇದ್ದಾರೆ. ಅವರು ಮೊದಲು ಮಾಡುವ ಕೆಲಸವೇ ಇದನ್ನೆಲ್ಲ ಕಿತ್ತುಹಾಕುವುದು. ಪ್ರಕಾಶಕರು ಸೂಚನೆ ಕೊಟ್ಟಿದ್ದರೆ ಅದರಂತೆ ಮಾಡು. ಇಲ್ಲದಿದ್ದರೆ ಎ4 ಪುಟ, ನಾಲ್ಕೂ ಕಡೆ 1 ಇಂಚು ಅಂಚು, ನೋಟೋ ಸೆರಿಫ್ ಕನ್ನಡದಂಥ ಒಂದು ಸರಳ ಯೂನಿಕೋಡ್ ಫಾಂಟು (ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅಕ್ಷರಗಳನ್ನು ಒಂದೇ ಥರ ಗುರುತಿಸುವ ಸಂಕೇತ ಪದ್ಧತಿ), ಮೇಲ್ಗಡೆ ಕೃತಿಯ ಹೆಸರು, ಕೆಳಗೆ ಪುಟಸಂಖ್ಯೆ. ಸಂಖ್ಯೆಯನ್ನು ‘ಇನ್ಸರ್ಟ್’ ಮೆನುವಿನಿಂದಲೇ ಹಾಕು. ಮುನ್ನುಡಿಗೆ ರೋಮನ್ ಅಂಕಿ, ಕಥೆಗೆ 1ರಿಂದ ಅನ್ನುವ ಸರ್ಕಸ್ಸಿಗೆ ಫೈಲನ್ನು ಭಾಗ ಮಾಡುವ ಸೆಕ್ಷನ್ ಬ್ರೇಕ್ ಬೇಕು. ಈಗಲೇ ಅದಕ್ಕೆ ಕೈಹಾಕಬೇಡ.

ಕಳಿಸುವಾಗ ಡಾಕ್ಸ್ (ವರ್ಡ್‌ನ .docx) ಫೈಲಿನ ಜೊತೆ ಪಿಡಿಎಫ್ ಕೂಡ ಇರಲಿ. ಕೆಲಸ ಮಾಡುವುದಕ್ಕೆ ಡಾಕ್ಸ್. ನೀನು ಬರೆದದ್ದು ನಿಜಕ್ಕೂ ಹೇಗಿತ್ತು ಅಂತ ನೋಡುವುದಕ್ಕೆ ಪಿಡಿಎಫ್. ಇದು ಯಾಕೆ ಮುಖ್ಯ ಅಂದರೆ, ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ ಪುಟ ಕಟ್ಟುವವರಲ್ಲಿ ಕೆಲವರು ಈಗಲೂ ಪೇಜ್‌ಮೇಕರ್ ಅನ್ನುವ ಹಳೆಯ ಪುಟವಿನ್ಯಾಸದ ಸಾಫ್ಟ್‌ವೇರ್ ಬಳಸುತ್ತಾರೆ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ನಿನ್ನ ಪಠ್ಯವನ್ನು ಹಳೆಯ ಫಾಂಟಿಗೆ ಪರಿವರ್ತಿಸಿ ಹಾಕುತ್ತಾರೆ. ಆಗ ಎಡವುವುದು ಸಾಮಾನ್ಯವಾಗಿ ಅರ್ಕಾವತ್ತು, ಒತ್ತಿಗೆ ಒತ್ತು ಬಿದ್ದ ಅಕ್ಷರಗಳು, ‘ರ್‍ಯಾಂಕ್’, ‘ಸಾಫ್ಟ್‌ವೇರ್’ ಥರದ ಪದಗಳು, ಆಮೇಲೆ ಉದ್ಧರಣ ಚಿಹ್ನೆಗಳು. ಹಾಗಾಗಿ ಅಂಥ ಪದಗಳನ್ನು ಈಗಲೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಟ್ಟುಕೋ. ಪುಟ ಕಟ್ಟಿದ ಕರಡು ಕೈಗೆ ಬಂದ ದಿನ ಕಥೆ ಓದುವ ಮೊದಲು ಆ ಪಟ್ಟಿ ಹಿಡಿದು ಕೂರು. ತಪ್ಪು ಕಂಡರೆ ಪಿಡಿಎಫ್ ತೋರಿಸಿ ಮಾತಾಡಬಹುದು.

ಇಂತಿ ನಿನ್ನ,
ಅಕ್ಕ